ಗಾಡಿ ಕೆಟ್ರ ಪಾಟ್ಲಿ ಯಾಕ ಬಿಚ್ಚಬೇಕ್ರಿ?

ಇವತ್ತ ಮತ್ತೊಂದ್ ಜೋಡಿ ಪಾಟ್ಲಿ, ಅಂದ್ರ ಬಂಗಾರದ ಬಳಿ, ನಮ್ಮ ತಿಜೋರಿ ಸೇರಿದ್ವು. ನಾ ಎಲ್ಲಿ ಕುಂದರ್ತೀನಿ ನಿಮಗೆಲ್ಲ ಗೊತ್ತೈತಿ, ಪತ್ತಿನ ಸಂಘದ ಬಂಗಾರದ ಸಾಲದ ಕೌಂಟರ್. ದವಾಖಾನಿಗೆ ಒತ್ತಿ ಇಟ್ಟವ್ರನ್ನ ನೋಡೀನಿ, ಬೋರ್‌ವೆಲ್ಲಿಗೆ, ಮಗಳ ಫೀಗೆ, ದ್ರಾಕ್ಷಿ ಪಡದ ಔಷಧಕ್ಕ ಇಟ್ಟವ್ರನ್ನೂ ನೋಡೀನಿ, ಅದಕ್ಕೆಲ್ಲ ಹೊಟ್ಟಿ ಉರಿಯೂದಿಲ್ಲ. ಇವತ್ತ ಉರೀತು. ಕಾರಿನ ಎಂಜಿನ್ ರಿಪೇರಿಗಂತ!

ಆ ಮನಷಾ ಮಳ್ಯಾಗ ಅಂಡರ್‌ಪಾಸಿನ ನೀರಾಗ ಗಾಡಿ ಇಳಿಸ್ಯಾನ, ನಡುವ ಬಂದ್ ಬಿದ್ದೈತಿ, ದೂಡಿಸ್ಕೊಂಡ್ ಬರೂದು ಬಿಟ್ಟು ಮತ್ತ ಮತ್ತ ಚಾವಿ ತಿರುವ್ಯಾನ. ಸಿಲಿಂಡರಿನಾಗ ನೀರು ಹೊಕ್ಕಿದ್ರ ಪಿಸ್ಟನ್ ಒತ್ತಿದ್ರೂ ನೀರೇನು ಕುಗ್ತೈತೇನ್ರಿ? ಪಿಸ್ಟನ್ ಹಿಡಿದಿರೂ ಕನೆಕ್ಟಿಂಗ್ ರಾಡ್ ಬಾಗೇತಿ. ಎಸ್ಟಿಮೇಟ್ 1 ಲಕ್ಷ 40 ಸಾವಿರ. ಇದನ್ನ ಹೇಳುವಾಗ ಅವನ ಠೀವಿ ನೋಡಬೇಕಿತ್ತು, ಬಾಜೂಕ ಹೆಂಡ್ತಿ ಪಾಟ್ಲಿ ಎಳೆದೆಳೆದು ಮುಂಗೈ ಕೆಂಪಾಗಿತ್ತು. ಆಕಿಗಿ ಗಾಡಿ ಹೊಡಿಯಾಕ ಬರೂದಿಲ್ಲ, ಮುಂದಿನ ಸೀಟಿನಾಗೂ ಕುಂದ್ರಾಕಿ ಅತ್ತಿಯಂತ.

ಇಂವನ ಕೊಳ್ಳಾಗ ಎರಡೆಳಿ ಚೈನ್ ಇತ್ತು. ಇದನ್ನೂ ತೂಕಕ್ಕ ಹಾಕ್ಲೇನ್ರಿ ಅಂತ ಕೇಳ್ದೆ. ‘ಏ ಮೇಡಂ, ಇದು ನಮ್ಮ ಮಾವ ಹಾಕಿದ್ದು’ ಅಂತ ನಕ್ಕ.

ನಮ್ಮ ಮ್ಯಾನೇಜರ್ ಸಾಹೇಬ್ರು ಅಂತಾರ, ಏನ್ ತಪ್ಪೈತ್ರಿ, ಬಂಗಾರದ ಸಾಲನ ಎಲ್ಲಕ್ಕಿಂತ ಸೋವಿ. ಒಪ್ತೀನಿ. ತಿಂಗಳಾ ಒಂದ್ ಪರ್ಸೆಂಟ್ ಹಿಡಿದ್ರ ಲಕ್ಷಕ್ಕ 1,000 ರೂಪಾಯಿ. ಕ್ರೆಡಿಟ್ ಕಾರ್ಡ್ ಉಜ್ಜಿ ಮಿನಿಮಮ್ ಅಷ್ಟ ತುಂಬ್ಕೋತ ಹೋದ್ರ ತಿಂಗಳಿಗೆ ಮೂರೂವರೆ ಪರ್ಸೆಂಟ್ ಆಸುಪಾಸು ಬೀಳತೈತಿ, ಅಂದ್ರ 3,500, ಆ ಬಡ್ಡಿ ಮ್ಯಾಲೆ ಮತ್ತ 18 ಪರ್ಸೆಂಟ್ ಜಿಎಸ್‌ಟಿ. ‘ನೋ ಕಾಸ್ಟ್ ಇಎಂಐ’ ಅಂತ ಬಡ್ಡಿ ಇಲ್ಲದ ಕಂತು ಐತಲ್ಲ ಅಂತೀರಾ? ಝೀರೋ ಪರ್ಸೆಂಟ್ ಬಡ್ಡಿ ಅನ್ನೂದ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಾಗ ಬ್ಯಾಂಕಿನವ್ರಿಗೆ ಹೇಳೇತಿ. ಲೆಕ್ಕ ನನಗೂ ಬರತೈತಿ, ಅದ ನನ್ನ ನೌಕರಿ. ಆದ್ರ ಸೋವಿ ಯಾರಿಗಿ? ಮುಳುಗಿದ್ರ ಆಕಿದು ಮುಳಗತೈತಿ. ವರ್ಷಕ್ಕೊಮ್ಮೆ ಬಂದು ಬಡ್ಡಿ ಅಷ್ಟ ತುಂಬಿ ರಿನೀವ್ ಮಾಡಿ ಹೋಗ್ತಾರ, ಅಸಲು ಇದ್ದಲ್ಲೇ. ಕಡೀಕ ಆ ಕಾರ್ ಮಾರಿರ್ತಾರ, ಹೊಸಾದು ತಂದಿರ್ತಾರ, ಪಾಟ್ಲಿ ಇನ್ನೂ ನಮ್ಮ ಚೀಲದಾಗ!

ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಾಗ ಸಾಫ್ ಹೇಳೇತಿ, ಸ್ತ್ರೀಧನ ಗಂಡ-ಹೆಂಡ್ತಿ ಇಬ್ರ ಜಂಟಿ ಆಸ್ತಿ ಅಲ್ಲ, ಆಕಿದೊಬ್ಬಾಕಿದ. ತ್ರಾಸಿನಾಗ ಗಂಡ ಬಳಸಬಹುದು, ತಿರುಗಿ ಕೊಡೂ ಜವಾಬ್ದಾರಿ ಅವಂದು. ಕಾರ್ ಕೆಟ್ಟದ್ದು ತ್ರಾಸೇನ್ರಿ? ಬಸ್ ಬಂದ್ ಆಗ್ಯಾವೇನು?

ಎಸ್ಟಿಮೇಟ್ ಇಸ್ಕೊಂಡು ನೋಡಿದೆ, ನನ್ನ ಕೆಲಸ ಅಲ್ಲ, ಆದ್ರೂ. ಎಂಜಿನ್ ಬಿಚ್ಚಿ ಬಿದ್ದೈತಿ, ಅದರಾಗ ಎಸಿ ಕ್ಲೀನಿಂಗ್, ಅಂಡರ್‌ಬಾಡಿ ಕೋಟಿಂಗ್ ಬ್ಯಾರೆ! ಇದನ್ನ ತಗೀರಿ ಅಂದಿಲ್ಲ, ಬ್ಯಾರೆ ಗ್ಯಾರೇಜಿನ ಮಿಸ್ತ್ರಿಗೆ ತೋರ್ಸಿಲ್ಲ, ಸೋಲಾಪುರದಾಗ ಹಳೆ ಎಂಜಿನ್ ಸಿಗತೈತೇನು ಅಂತ ಒಂದ್ ಫೋನೂ ಇಲ್ಲ. ಸೀದಾ ಹೆಂಡ್ತಿ ಕೈ ಹಿಡ್ಕೊಂಡ್ ನಮ್ಮ ಕಡೆ. ಇನ್ಶೂರೆನ್ಸ್ ಸಿಗಲಿಲ್ಲಂತ. ಎಲ್ಲಿಂದ ಸಿಗಬೇಕು, ಸಾದಾ ಪಾಲಿಸಿ, ನೀರು ಹೊಕ್ಕು ಎಂಜಿನ್ ಹೋದ್ರ ಅದಕ್ಕ ಎಂಜಿನ್ ಪ್ರೊಟೆಕ್ಟ್ ಅಂತ ಬ್ಯಾರೆ ಆಡ್-ಆನ್ ತಗೊಂಡಿರಬೇಕು. ಏಜೆಂಟ್ ಕೇಳ್ದಾಗ ಬ್ಯಾಡ ಅಂದು ಸೀಟ್ ಕವರ್ ಹಾಕ್ಸ್ಯಾನ.

ಪಿಗ್ಮಿ ಅಂತ ಒಂದೈತ್ರಿ, ದಿನಾ ಚೂರು ಚೂರು ತುಂಬೂ ಉಳಿತಾಯ. 1928ರಾಗ ಉಡುಪಿ ಕಡೆ ಮುಂದ ಸಿಂಡಿಕೇಟ್ ಬ್ಯಾಂಕ್ ಆದವ್ರು ದಿನಾ ಎರಡಾಣೆ ಇಸ್ಕೊಂಡು ಸುರು ಮಾಡಿದ್ದು, ಇವತ್ತ ನಮ್ಮ ವಿಜಯಪುರದಾಗ ಅದಿಲ್ಲದ ಓಣಿ ಇಲ್ಲ. ಬಾಳಿಹಣ್ಣ ಮಾರಾಕಿ ದಿನಾ 100 ತುಂಬ್ತಾಳ, ವರ್ಷಕ್ಕ 36,500. ಲಕ್ಷಗಟ್ಟಲೆ ಗಾಡಿ ತಗೊಂಡಂವಗ ಟಾಯರ್, ಬ್ಯಾಟರಿ, ಕ್ಲಚ್ ಪ್ಲೇಟಿಗಂತ ಒಂದ್ ಪಿಗ್ಮಿ ಪುಸ್ತಕ ಇಡಾಕ ಆಗೂದಿಲ್ಲ. ಹೋಗ್ಲಿ, ಭಿಶಿ (ಚೀಟಿ) ಎತ್ರಿ. ನಿಮ್ಮ ಎಫ್‌ಡಿ ಮ್ಯಾಲೆ ಸಾಲ ತಗೋರಿ. ಅದೂ ಇಲ್ಲಂದ್ರ ಗಾಡಿ ಹೆಂಗೈತಿ ಹಂಗ ಮಾರಿಬಿಡ್ರಿ.

ನಿಜ ಹೇಳಬೇಕಂದ್ರ ಇಷ್ಟ್ ಸಿಟ್ಟು ಇವನೊಬ್ಬನ ಮ್ಯಾಲಲ್ಲ. ನಮ್ಮವ್ವನ ಕೊಳ್ಳಾಗಿನ ಬಂಗಾರದ ಬೋರಮಾಳ ಸರ ಅಪ್ಪನ ಟ್ರ್ಯಾಕ್ಟರ್ ಎಂಜಿನ್ನಿಗೆ ಹೋಗಿತ್ತು, ತಿರುಗಿ ಬರಲಿಲ್ಲ. ನನ್ನ ಮದುವ್ಯಾಗ ಅವ್ವ ಸೆರಗು ಹೊಚ್ಗೊಂಡ ನಿಂತಿದ್ಲು, ಫೋಟೋದಾಗ ಈಗೂ ಕಾಣತೈತಿ. ಆದ್ರೂ ಆ ಟ್ರ್ಯಾಕ್ಟರ್ ಹೊಲಾ ಹೊಡೀತು, ನಮಗ ಉಣ್ಣಾಕ ಹಾಕ್ತು. ಈ ಕಾರ್ ಏನ್ ಮಾಡತೈತಿ, ಗಾಂಧಿ ಚೌಕಿಗೆ ಹೋಗಿ ಪಾರ್ಕಿಂಗ್ ಸಿಗದ ತಿರುಗಿ ಬರತೈತಿ.

ನಮ್ಮ ಮನಿಯವ್ರು ಇದನ್ನ ಹಿಂದ ನಿಂತು ಓದಿ ‘ನಾ ಏನ್ ಮಾಡೀನಿ’ ಅಂದ್ರು. ಏನೂ ಮಾಡಿಲ್ಲ, ನಮ್ಮ ಪಾಲಿಸಿದಾಗ ಎಂಜಿನ್ ಪ್ರೊಟೆಕ್ಟ್ ಐತೋ ಇಲ್ಲೋ ಅಷ್ಟ ನೋಡ್ರಿ ಅಂದೆ. ಅರ್ಧಾ ತಾಸಾತು, ವಾಟ್ಸಾಪಿನಾಗ ಪಿಡಿಎಫ್ ಹುಡುಕಾಕತ್ತಾರ.