ಸರ್ವರ್‌ಗೆ ಟೆಕ್ ಲೈವ್: ಮೂಲ ಇನ್‌ಸ್ಟಾಲರ್‌ನಿಂದಲೇ ಹಾಕಬೇಕೆ?

ಪರ

ಟೆಕ್ ಲೈವ್ ಎಂದರೆ ಪುಟ ಜೋಡಿಸಿ ಪಿಡಿಎಫ್ ತಯಾರಿಸುವ ಟೆಕ್ ತಂತ್ರಾಂಶ, ಅದರ ಪ್ಯಾಕೇಜುಗಳ ಕಟ್ಟು. ಅದನ್ನು ಡಿಸ್ಟ್ರೋ (ಡೆಬಿಯನ್‌ನಂಥ ಲಿನಕ್ಸ್ ವಿತರಣೆ) ಮೂಲಕವೂ ಹಾಕಬಹುದು, ಟೆಕ್ ಲೈವ್‌ನವರದೇ ಮೂಲ ಇನ್‌ಸ್ಟಾಲರ್‌ನಿಂದಲೂ ಹಾಕಬಹುದು. ಹತ್ತಾರು ಜನ ಮಹಾಪ್ರಬಂಧ, ವರದಿ ಸಿದ್ಧಪಡಿಸುವ ಸರ್ವರ್‌ಗೆ ಡಿಸ್ಟ್ರೋ ಕೊಡುವ ಟೆಕ್ ಲೈವ್ ಸಾಲುವುದಿಲ್ಲ. ಡೊನಾಲ್ಡ್ ಕನೂತ್ ಅವರ ಟೆಕ್ ಎಂಜಿನ್ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ತಿದ್ದಿದಾಗಲೆಲ್ಲ ಅದರ ಆವೃತ್ತಿ ಸಂಖ್ಯೆಗೆ ಪೈನ ಮುಂದಿನ ಅಂಕಿ ಸೇರುತ್ತದೆ. 2021ರಲ್ಲಿ ಅದು 3.141592653 ಆಯಿತು. ಆದರೆ ಎಂಜಿನ್ ಮೇಲೆ ಕೂತಿರುವ ಸಾವಿರಾರು ಪ್ಯಾಕೇಜುಗಳು ಸುಮ್ಮನಿರುವುದಿಲ್ಲ, ಅವೆಲ್ಲ ಸೇರುವ ಸಿಟ್ಯಾನ್ ಭಂಡಾರಕ್ಕೆ ದಿನವೂ ಹೊಸದು ಬರುತ್ತದೆ. 2023ರಲ್ಲಿ ಬಂದ ಡೆಬಿಯನ್ 12ರಲ್ಲಿ ಇರುವುದು ಟೆಕ್ ಲೈವ್ 2022. ಅದಿರುವ ಸರ್ವರ್ ಇನ್ನೂ ಮೂರು ವರ್ಷ ನಡೆದರೆ ಬಳಸುವವರೂ ಅಷ್ಟು ಕಾಲ 2022ರಲ್ಲೇ ಉಳಿಯಬೇಕು.

ನಾನು ನೋಡಿಕೊಳ್ಳುತ್ತಿದ್ದ ಸರ್ವರ್‌ನಲ್ಲಿ ಒಬ್ಬ ವಿದ್ಯಾರ್ಥಿನಿಯ ಪಿಡಿಎಫ್‌ನಲ್ಲಿ ಉಲ್ಲೇಖಗಳ ಜಾಗದಲ್ಲೆಲ್ಲ ಬರೀ ಕೀಗಳು (ಆಕರಗಳಿಗೆ ಇಟ್ಟ ಗುರುತಿನ ಹೆಸರುಗಳು) ದಪ್ಪಕ್ಷರದಲ್ಲಿ ಬಂದಿದ್ದವು. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಿತ್ತು. ಸರ್ವರ್‌ನದು ಹಳತು ಎಂದು ಉಲ್ಲೇಖ ಜೋಡಿಸುವ ಬಿಬ್‌ಲೇಟೆಕ್ ಪ್ಯಾಕೇಜಿನ ಹೊಸ ಆವೃತ್ತಿಯನ್ನು ತನ್ನ ಹೋಮ್ ಫೋಲ್ಡರ್‌ಗೆ ತಂದಿಟ್ಟುಕೊಂಡಿದ್ದಳು. ಅದರ ಜೊತೆ ಓಡಿ ಆಕರಪಟ್ಟಿ ಸಿದ್ಧಪಡಿಸಬೇಕಾದ ಬೈಬರ್ ಪ್ರೋಗ್ರಾಂ ಮಾತ್ರ ಸರ್ವರ್‌ನ ಹಳೆಯದು. ಬಿಬ್‌ಲೇಟೆಕ್ ಬರೆದ ಕಂಟ್ರೋಲ್ ಫೈಲ್‌ನ ಆವೃತ್ತಿ ತನಗೆ ಬೇಕಾದದ್ದಲ್ಲ ಎಂದು ಬೈಬರ್ ಕೆಲಸವನ್ನೇ ನಿಲ್ಲಿಸಿತ್ತು. ಮರುದಿನ ಅವಳು ಪ್ರಬಂಧ ಸಲ್ಲಿಸಬೇಕಿತ್ತು. ಅವತ್ತು ಅವಳ ಮುಖ ನೋಡಿದ ಮೇಲೆ ಡಿಸ್ಟ್ರೋದ "ಸ್ಟೇಬಲ್" ಎಂಬ ಮಾತು ನನಗೆ ಸಮಾಧಾನ ಕೊಟ್ಟಿಲ್ಲ.

ಮೂಲ ಇನ್‌ಸ್ಟಾಲರ್ ಪ್ರತಿ ವರ್ಷದ ಆವೃತ್ತಿಯನ್ನು ಬೇರೆ ಡೈರೆಕ್ಟರಿಯಲ್ಲಿ ಇಡುತ್ತದೆ. ಹೊಸದು ಬಂದರೂ ಹಳತು ಪಕ್ಕದಲ್ಲೇ ಇರುತ್ತದೆ. ಅರ್ಧ ಬರೆದ ಪ್ರಬಂಧವನ್ನು ಹಳೆಯದರಲ್ಲೇ ಮುಗಿಸಬಹುದು. ಸಂಸ್ಥೆಯ ಸ್ವಂತ ಸ್ಟೈಲ್ ಫೈಲ್‌ಗಳನ್ನು ಟೆಕ್ಸ್‌ಎಂಎಫ್-ಲೋಕಲ್ ಎಂಬ ಹಂಚಿಕೆಯ ಡೈರೆಕ್ಟರಿಯಲ್ಲಿ ಇಟ್ಟರೆ ಎಲ್ಲ ವರ್ಷಗಳಿಗೂ ಅವೇ ಸಿಗುತ್ತವೆ. ಡಿಸ್ಕ್ ಜಾಗ ಹಲವು ಜಿಬಿ ಹೋಗುತ್ತದೆ, ನಿಜ. ಡಾಕ್ಯುಮೆಂಟೇಶನ್, ಸೋರ್ಸ್ ಬಿಟ್ಟರೆ ಹೊರೆ ಬಹಳಷ್ಟು ಇಳಿಯುತ್ತದೆ.

ವಿರೋಧ

ಹಾಕುವುದು ಒಂದು ಸಂಜೆಯ ಕೆಲಸ. ಆಮೇಲೆ ನೋಡಿಕೊಳ್ಳುವವರು ಯಾರು?

ಹೊಸ ವರ್ಷದ ಟೆಕ್ ಲೈವ್ ಬಂದ ಕೂಡಲೇ ಹಳೆಯದಕ್ಕೆ ಅಪ್‌ಡೇಟ್ ನಿಂತುಹೋಗುತ್ತದೆ. ಅಪ್‌ಡೇಟ್ ಮಾಡುವ ಟಿಎಲ್‌ಎಂಜಿಆರ್ ಓಡಿಸಿದರೆ, ಇಲ್ಲಿರುವುದು ಭಂಡಾರಕ್ಕಿಂತ ಹಳತು ಎಂದು ಹೇಳಿ ಸುಮ್ಮನಾಗುತ್ತದೆ. ವರ್ಷವರ್ಷವೂ ಯಾರಾದರೂ ಕೂತು ಹೊಸದನ್ನು ಹಾಕಿ, ಪಾತ್ (ಪ್ರೋಗ್ರಾಂ ಹುಡುಕುವ ಡೈರೆಕ್ಟರಿಗಳ ಪಟ್ಟಿ) ಬದಲಿಸಿ, ಪರೀಕ್ಷಿಸಬೇಕು. ಆ ಅಡ್ಮಿನ್ ಕೆಲಸ ಬಿಟ್ಟು ಹೋದ ಮೇಲೆ ಸರ್ವರ್‌ನಲ್ಲಿ ಉಳಿಯುವುದು ಡಿಸ್ಟ್ರೋ ಕೊಡುವುದಕ್ಕಿಂತಲೂ ಹಳೆಯ ಟೆಕ್ ಲೈವ್, ಅದೂ ದಿಕ್ಕಿಲ್ಲದ್ದು.

ಇದು ಬರೀ ಹಳತು-ಹೊಸತಿನ ಮಾತಲ್ಲ. 2023ರ ಮೇ ತಿಂಗಳಲ್ಲಿ ಟೆಕ್‌ನ ಇನ್ನೊಂದು ಎಂಜಿನ್ ಲುವಾಟೆಕ್‌ನಲ್ಲಿ ಒಂದು ಲೋಪ ಬಯಲಾಯಿತು. ಹೊರಗಿನ ಕಮಾಂಡ್ ಓಡಿಸಲು ಬಿಡುವ ಶೆಲ್ ಎಸ್ಕೇಪ್ ಮುಚ್ಚಿದ್ದರೂ, ಯಾರೋ ಕಳಿಸಿದ ಟೆಕ್ ಫೈಲ್ ಕಂಪೈಲ್ ಮಾಡಿದರೆ ಅದು ಸರ್ವರ್‌ನಲ್ಲಿ ತನಗೆ ಬೇಕಾದ ಕಮಾಂಡ್ ಓಡಿಸಬಹುದಿತ್ತು. ಡೆಬಿಯನ್ ತನ್ನ ಹಳೆಯ ಆವೃತ್ತಿಗೇ ತೇಪೆ ಹಾಕಿ ಕೊಟ್ಟಿತು. ಮಾಮೂಲಿ ಅಪ್‌ಡೇಟ್‌ನಲ್ಲೇ ಅದು ಬಂದು ಕೂತಿತು. ಕೈಯಾರೆ ಹಾಕಿದ ಹಳೆಯ ವರ್ಷಗಳಿಗೆ ಆ ಭಾಗ್ಯ ಇರಲಿಲ್ಲ. ಪಕ್ಕದಲ್ಲಿ ಉಳಿಸಿಕೊಂಡ ಹಳೆಯ ಡೈರೆಕ್ಟರಿಗಳ ಬಗ್ಗೆ ನನಗೆ ಭಯವಿರುವುದು ಇದಕ್ಕೇ.

ಎರಡು ಟೆಕ್ ಒಟ್ಟಿಗಿದ್ದರೆ ಇನ್ನೊಂದು ಕಾಟ. ಬೇರೆ ಯಾವುದೋ ಪ್ಯಾಕೇಜ್ ಹಾಕುವಾಗ ಡೆಬಿಯನ್‌ನ ಪ್ಯಾಕೇಜ್ ಸಾಧನ ಆಪ್ಟ್ ತನ್ನ ಟೆಕ್ ಲೈವ್ ಅನ್ನೂ ಎಳೆದುಕೊಂಡು ಬರುತ್ತದೆ. ಟರ್ಮಿನಲ್‌ನಲ್ಲಿ ಕೂತು ಓಡಿಸಿದಾಗ ಹೊಸದು ಸಿಗುತ್ತದೆ. ಹೊತ್ತು ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ಕ್ರಾನ್‌ಗೆ ನಮ್ಮ ಪಾತ್ ಗೊತ್ತಿಲ್ಲ, ಅದು ಡಿಸ್ಟ್ರೋದ ಪ್ರೋಗ್ರಾಂಗಳಿರುವ ಯುಎಸ್‌ಆರ್ ಬಿನ್‌ನ ಹಳೆಯದನ್ನೇ ಎತ್ತಿಕೊಳ್ಳುತ್ತದೆ. ರಾತ್ರಿ ತಾನಾಗಿ ತಯಾರಾದ ವರದಿಯಲ್ಲಿ ಕೋಷ್ಟಕ ಪುಟದ ಅಂಚು ದಾಟಿತ್ತು, ಹಗಲು ಅದೇ ಫೈಲ್ ನೆಟ್ಟಗೆ ಬರುತ್ತಿತ್ತು. ಕಾರಣ ತಿಳಿಯಲು ನಮಗೆ ಎರಡು ದಿನ ಹಿಡಿಯಿತು. ಕೊನೆಗೆ ಲಾಗ್ ಫೈಲ್‌ನ ಮೊದಲ ಸಾಲಲ್ಲಿದ್ದ ವರ್ಷ ನೋಡಿದಾಗಲೇ ಗೊತ್ತಾದದ್ದು.

ಆ ವಿದ್ಯಾರ್ಥಿನಿಯ ಕಷ್ಟ ದೊಡ್ಡದೇ. ಆದರೆ ಡಿಸ್ಟ್ರೋದ ಬಿಬ್‌ಲೇಟೆಕ್, ಡಿಸ್ಟ್ರೋದ ಬೈಬರ್ ಒಂದಕ್ಕೊಂದು ಹೊಂದುವಂಥವು. ಒಂದನ್ನು ಮಾತ್ರ ಹೊರಗಿನಿಂದ ತಂದದ್ದಕ್ಕೆ ಜೋಡಿ ಮುರಿಯಿತು. ಹೊಸದು ಬೇಕೇ ಬೇಕು ಅನ್ನುವವರಿಗೂ ದಾರಿಯಿದೆ: ಮೂಲ ಇನ್‌ಸ್ಟಾಲರ್‌ಗೆ ರೂಟ್ (ಅಡ್ಮಿನ್) ಅಧಿಕಾರ ಬೇಕಿಲ್ಲ. ತಮ್ಮ ಹೋಮ್ ಡೈರೆಕ್ಟರಿಯಲ್ಲಿ ಇಡೀ ಟೆಕ್ ಲೈವ್ ಹಾಕಿಕೊಂಡು, ಪ್ರಬಂಧ ಮುಗಿದ ದಿನ ಅಳಿಸಿಬಿಡಬಹುದು. ನಾವು ಅದಕ್ಕೆ ಬೇಕಾದಷ್ಟು ಡಿಸ್ಕ್ ಕೋಟಾ ಕೊಟ್ಟರಾಯಿತು.