ಡಿಸಿ ಕರೆ ಮಾಡುತ್ತಿದ್ದಾರೆ

ಶನಿವಾರ ಒದ್ದೆಯಾದ ರೇನ್‌ಕೋಟ್ ಮಂಗಳವಾರವಾದರೂ ಒಣಗಿಲ್ಲ. ಜುಲೈ ತಿಂಗಳ ಉಡುಪಿಯಲ್ಲಿ ಅದು ಸುದ್ದಿಯೇನಲ್ಲ. ಇಲ್ಲಿ ಈಗ ಒಣಗುವುದು ಮಕ್ಕಳಿಗೆ ಬುದ್ಧಿ ಹೇಳುವ ತಾಯಂದಿರ ಗಂಟಲು ಮಾತ್ರ. ಹಿಂಬದಿ ಜಗಲಿಯ ಹಗ್ಗದಲ್ಲಿ ನೇತಾಡುತ್ತಾ ತೊಟಕ್ ತೊಟಕ್ ಎಂದು ನೀರಿಳಿಸುವ ಆ ಕೋಟನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಗಳಿಗೆ ನಗು ಬರುತ್ತದೆ. ಅವಳು ನಗುವುದು ಕಂಡು ನನಗೆ ಇನ್ನಷ್ಟು ಸಿಟ್ಟು.

ಮಗಳಿಗೆ ಹದಿನಾರು, ಪ್ರಥಮ ಪಿಯುಸಿ. ನಮ್ಮ ಮನೆಯ ಕಾಯಿದೆ ಹೆಚ್ಚೇನಿಲ್ಲ. ಎಲ್ಲಿಗೆ, ಯಾರೊಟ್ಟಿಗೆ ಎಂದು ಹೇಳಿ ಹೋಗಬೇಕು. ಆರೂವರೆಯೊಳಗೆ ಮನೆ ಸೇರಬೇಕು. ಮೊಬೈಲ್ ಕೊಡಿಸಿದ ಮೇಲೆ ಇನ್ನೊಂದು ಸೇರಿತು: ಹೊರಗಿರುವಷ್ಟು ಹೊತ್ತು ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಹಾಕಿರಬೇಕು. ಅದರಲ್ಲಿ ಮೂರು ಅಳತೆ ಉಂಟು, 15 ನಿಮಿಷ, 1 ಗಂಟೆ, 8 ಗಂಟೆ. ಅವಳು 15 ನಿಮಿಷದಿಂದ ಚರ್ಚೆ ಶುರು ಮಾಡಿದಳು. ನಾನು ಮೀನು ಮಾರ್ಕೆಟಿನಲ್ಲಿ ಪಳಗಿದವಳು, 8ರಿಂದ ಕೆಳಗೆ ಇಳಿಯಲಿಲ್ಲ.

"ಜೂನ್ 1ರಿಂದ ಜುಲೈ 31ರವರೆಗೆ ಮೀನಿಗೂ ಬಿಡುವು ಉಂಟು ಅಮ್ಮ. 61 ದಿವಸ ಒಂದು ಟ್ರಾಲ್‌ಬೋಟೂ ಅದರ ಹಿಂದೆ ಹೋಗುವ ಹಾಗಿಲ್ಲ. ನಾನು ಬಂಗುಡೆಗಿಂತ ಕಡೆಯಾ?"

ಹೀಗೆ ಮಾತಾಡುವವಳನ್ನು ಲೈವ್ ಲೊಕೇಶನ್ ಇಲ್ಲದೆ ಬಿಡಲಿಕ್ಕಾಗುತ್ತದಾ ನೀವೇ ಹೇಳಿ. ಸ್ಕೂಟರ್ ವಿಷಯದಲ್ಲೂ ಇದೇ ವಕೀಲಿಕೆ. ಹದಿನೆಂಟಾಗದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಹೆತ್ತವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಮಕ್ಕಳಿಗೆ 25 ವರ್ಷವಾಗುವ ತನಕ ಲೈಸೆನ್ಸ್ ಇಲ್ಲ ಎಂದು 2019ರ ತಿದ್ದುಪಡಿಯನ್ನು ನಾನು ಬಾಯಿಪಾಠ ಒಪ್ಪಿಸಿದೆ. ಮರುದಿನವೇ ಅವಳು ಗೇರಿಲ್ಲದ 50 ಸಿಸಿ ಗಾಡಿಗೆ ಹದಿನಾರು ಸಾಕು ಎಂಬುದನ್ನೂ, ಗಂಟೆಗೆ 25 ಕಿಲೋಮೀಟರ್ ದಾಟದ ಸಣ್ಣ ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸೇ ಬೇಡ ಎಂಬುದನ್ನೂ ಹುಡುಕಿ ತಂದಳು. ಫಿಸಿಕ್ಸಿನಲ್ಲಿ ಇಷ್ಟು ಹುಡುಕಾಟ ಇಲ್ಲ. ಆ ಸ್ಕೂಟರಿನಲ್ಲಿ ಮಣಿಪಾಲದ ಏರು ಹತ್ತುವಷ್ಟರಲ್ಲಿ ನಿನಗೆ ಹದಿನೆಂಟು ತುಂಬಿರುತ್ತದೆ ಎಂದು ಹೇಳಿ ಆ ಕಡತ ಮುಚ್ಚಿದೆ.

ನನ್ನ ಗಂಡ ಮಸ್ಕತ್‌ನಲ್ಲಿದ್ದಾರೆ. ಮಗಳ ಸ್ವಾತಂತ್ರ್ಯದ ಬಗ್ಗೆ ಅವರದು ಬಹಳ ಉದಾರ ಮನಸ್ಸು. "ಹೋಗಲಿ ಬಿಡು ಮಾರಾಯ್ತಿ, ಈ ಪ್ರಾಯದಲ್ಲಿ ಸ್ವಲ್ಪ ಬಿಡಬೇಕು" ಎಂದು ವಿಡಿಯೊ ಕಾಲಿನಲ್ಲಿ ಅಪ್ಪಣೆ ಕೊಡುತ್ತಾರೆ. ಕಡಲಿನ ಆಚೆ ದಡದಲ್ಲಿ ಕೂತವರಿಗೆ ಬಿಡುವುದು ಸುಲಭ.

ಮೊನ್ನೆ ಶನಿವಾರ ರೆಡ್ ಅಲರ್ಟ್ ಎಂದು ಡಿಸಿ ರಜೆ ಕೊಟ್ಟಿದ್ದರು. ರಜೆ ಘೋಷಣೆಯಾದದ್ದೇ ತಡ, ಮಳೆ ನಿಂತಿತು, ಅದು ವಾಡಿಕೆ. ಮಳೆಗೆ ಹೊರಗೆ ಬರಬೇಡಿ ಎಂದು ಕೊಟ್ಟ ರಜೆಯಲ್ಲಿ ಮಕ್ಕಳಿಗೆ ಮೊದಲು ಹೋಗಬೇಕಾದದ್ದು ಹೊರಗೆ, ಅದೂ ವಾಡಿಕೆಯೇ. ಮಣಿಪಾಲದಲ್ಲಿ ಗೆಳತಿಯ ಮನೆಯಲ್ಲಿ ಕಂಬೈನ್ಡ್ ಸ್ಟಡಿ ಎಂದಳು. ಎರಡು ಗಂಟೆಗೆ ಮ್ಯಾಪಿನಲ್ಲಿ ಲೈವ್ ಲೊಕೇಶನ್ನಿನ ಚುಕ್ಕೆ ಹಚ್ಚಿಕೊಂಡು ಹೊರಟಳು.

ನಾನು ಗೋಳಿಬಜೆಗೆ ಹಿಟ್ಟು ಕಲಸುತ್ತಾ ಚುಕ್ಕೆ ನೋಡುತ್ತಿದ್ದೆ. ಐದೂಮುಕ್ಕಾಲಿಗೆ ಮಳೆ ಮತ್ತೆ ಹಿಡಿಯಿತು, ಚುಕ್ಕೆಯೂ ಹೊರಟಿತು. ಇಂದ್ರಾಳಿ, ಕುಂಜಿಬೆಟ್ಟು, ಕಡಿಯಾಳಿ. ನಮ್ಮ ಮನೆ ಕಡಿಯಾಳಿಯ ಒಳದಾರಿಯಲ್ಲಿ. ಚುಕ್ಕೆ ಕಡಿಯಾಳಿಯಲ್ಲಿ ಒಂದು ಗಳಿಗೆ ನಿಂತು, ಒಳದಾರಿಗೆ ತಿರುಗದೆ ನೇರ ಕಲ್ಸಂಕದ ಕಡೆ ಹೋಯಿತು.

ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೂ ಐದು ಸಲ ಮಾಡಿದೆ. ಚುಕ್ಕೆ ಸಿಟಿ ಬಸ್‌ಸ್ಟ್ಯಾಂಡ್ ದಾಟಿ ಆದಿಉಡುಪಿಯತ್ತ ಹೊರಟಿತು. ಆದಿಉಡುಪಿಯ ಆಚೆ ಇರುವುದು ಮಲ್ಪೆ. ಮಲ್ಪೆಯಲ್ಲಿ ಯಾವ ಫಿಸಿಕ್ಸ್?

ಬಸ್ಸಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ, ಯಾಕೆಂದರೆ ಚುಕ್ಕೆ ಬಹಳ ಸಾವಕಾಶ ಹೋಗುತ್ತಿತ್ತು. ನಮ್ಮ ಸಿಟಿ ಬಸ್ಸು ಹಾಗೆ ಹೋದದ್ದುಂಟೇ? ನಿಂತು, ಜಾಗ ಬಿಟ್ಟುಕೊಟ್ಟು, ಮರ್ಯಾದೆಯಿಂದ ಹೋಗುವ ಚುಕ್ಕೆ ಅದು. ಇದು ಯಾವುದೋ ಹುಡುಗನ ಹೊಸ ಸ್ಕೂಟರ್ ಎಂದು ತೀರ್ಮಾನಿಸಿದೆ. ಎಲೆಕ್ಟ್ರಿಕ್ಕೇ ಇರಬೇಕು, ಆ 25 ಕಿಲೋಮೀಟರಿನದ್ದು!

ಗೋಳಿಬಜೆ ಹಿಟ್ಟಿನ ಕೈಯಲ್ಲೇ ರೇನ್‌ಕೋಟ್ ಏರಿಸಿ ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಬಸ್ ತಂಗುದಾಣ ಕಂಡಲ್ಲೆಲ್ಲ ನಿಂತು ಮ್ಯಾಪ್ ನೋಡುವುದು, ಫೋನ್ ಮಾಡುವುದು, ಮತ್ತೆ ಹೊರಡುವುದು. ನಡುನಡುವೆ "ಮನೆ" ಎಂದು ಬರುತ್ತಿದ್ದ ಕಾಲನ್ನು, ಮ್ಯಾಪಿಗೆ ಅಡ್ಡ ಬರುತ್ತದಲ್ಲ ಎಂದು, ಕಟ್ ಮಾಡುತ್ತಾ ಬಂದೆ. ಈ ವಾಕ್ಯವನ್ನು ಬರೆಯಲು ನನಗೇನೂ ಸಂತೋಷವಿಲ್ಲ.

ಮಲ್ಪೆ ಬೀಚಿನಲ್ಲಿ ಮಳೆಗಾಲಕ್ಕೆಂದು ಬಲೆ ಕಟ್ಟಿದ್ದರು. ಕೆಂಪು ಬಾವುಟ, ಬೋರೆಂದು ಏಳುವ ತೆರೆ, ಒಂದು ನರಪಿಳ್ಳೆಯೂ ಇಲ್ಲ. ಬಲೆಗೆ ಮುಖ ಹಚ್ಚಿ ಆಚೀಚೆ ನೋಡುತ್ತಾ ನಿಂತಿದ್ದಾಗ ಹಿಂದಿನಿಂದ ಸೀಟಿ ಊದಿದ ಶಬ್ದ. ಕಾವಲಿನ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು, ಕೊಡೆ ಹಿಡಿದು ಓಡಿ ಬಂದ.

"ಒಬ್ಬರೇ ಬಂದದ್ದಾ ಅಕ್ಕ?"

ಹೌದು ಎಂದೆ.

"ಮನೆಯಲ್ಲಿ ಹೇಳಿ ಬಂದಿದ್ದೀರಾ?"

ಹೇಳಿ ಬಂದಿರಲಿಲ್ಲ.

"ಕತ್ತಲಾಯ್ತಲ್ಲ, ಇನ್ನು ಇಲ್ಲಿ ನಿಲ್ಲುವ ಹಾಗಿಲ್ಲ. ಸೀದಾ ಮನೆಗೆ ಹೋಗಿ."

ನನ್ನದೇ ಕಾಯಿದೆಯ ಮೂರೂ ಕಲಮುಗಳನ್ನು ಅದೇ ಕ್ರಮದಲ್ಲಿ ಓದಿ ಹೇಳಿದ ಹಾಗಾಯಿತು. ಮಗಳನ್ನು ಹುಡುಕುತ್ತಿದ್ದೇನೆ ಎಂದು ಹೇಳುವ ಎಂದರೆ, ಫೋನು ತೆಗೆಯುವಷ್ಟರಲ್ಲಿ ಚುಕ್ಕೆ ಮಲ್ಪೆ ಬಿಟ್ಟು ವಾಪಸ್ ಉಡುಪಿಗೆ ಹೊರಟಾಗಿತ್ತು. ನಾನೂ ಹೊರಟೆ.

ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ಚುಕ್ಕೆ ನಿಂತಿತು. ನಾನೂ ನಿಂತೆ. ಮ್ಯಾಪಿನ ಪ್ರಕಾರ ನಾನೂ ಅವಳೂ ಒಂದರ ಮೇಲೊಂದು ನಿಂತಿದ್ದೆವು. ಎದುರಿಗೆ ಇದ್ದದ್ದು ಮಲ್ಪೆ-ಮಣಿಪಾಲ ಬಸ್ಸು ಮಾತ್ರ. ಕೊನೆಯ ಸಲ ಎಂದು ಫೋನ್ ಒತ್ತಿದೆ. ಫುಟ್‌ಬೋರ್ಡಿನಲ್ಲಿದ್ದ ಕಂಡಕ್ಟರನ ಹೆಗಲಚೀಲ ಗುರ್ ಗುರ್ ಎಂದಿತು. ಅವನು ಚೀಲ ತೆರೆದು ಇಣುಕಿ, ಹಾವು ಕಂಡವನ ಹಾಗೆ ಮತ್ತೆ ಮುಚ್ಚಿದ.

"ಅದು ನನ್ನ ಮಗಳ ಫೋನು!" ಎಂದು ಕೂಗಿದೆ.

"ಹೌದಾ ಅಕ್ಕ? ಸೀಟಿನಲ್ಲಿ ಬಿದ್ದಿತ್ತು. ಕೊಡುವ ಎಂದೇ ಇಟ್ಟದ್ದು."

"ಮತ್ತೆ ಎತ್ತಲಿಕ್ಕೆ ಎಂತ ಆಗಿತ್ತು? ಎಷ್ಟು ಸಲ ಮಾಡಿದೆ!"

ಅವನು ಡ್ರೈವರಿನ ಮುಖ ನೋಡಿದ. ಡ್ರೈವರ್ ಕಿಟಕಿಯ ಹೊರಗೆ ನೋಡಿದ. "ನೀವು ಮಾಡಿದ್ದೆಂದು ಗೊತ್ತಿಲ್ಲಲ್ಲ ಅಕ್ಕ" ಎಂದು ಸ್ವರ ತಗ್ಗಿಸಿ ಫೋನಿನ ಪರದೆ ನನಗೆ ತೋರಿಸಿದ. "ಡಿಸಿ ಉಡುಪಿ. 27 ಮಿಸ್ಡ್ ಕಾಲ್."

ಪಾಪ, ಅವರ ಕಡೆಯಿಂದ ಯೋಚಿಸಿ. ಬಿದ್ದು ಸಿಕ್ಕಿದ ಫೋನಿಗೆ ರೆಡ್ ಅಲರ್ಟಿನ ದಿವಸ ಜಿಲ್ಲಾಧಿಕಾರಿಗಳು ನಿಮಿಷಕ್ಕೊಂದು ಸಲ ಕರೆ ಮಾಡುತ್ತಿದ್ದಾರೆ. ಇದು ಯಾರೋ ದೊಡ್ಡ ಅಧಿಕಾರಿಯ ಫೋನೇ ಇರಬೇಕು ಎಂದು ಕಂಡಕ್ಟರ್. ಅಲ್ಲ, ನಮ್ಮ ಬಸ್ಸಿನ ಕರ್ಕಶ ಹಾರ್ನಿನ ಬಗ್ಗೆ ಯಾರೋ ದೂರು ಕೊಟ್ಟು, ಬೇಕೆಂತಲೇ ಫೋನು ಬಿಟ್ಟುಹೋಗಿ ಪರೀಕ್ಷೆ ಮಾಡುತ್ತಿದ್ದಾರೆ ಎಂದು ಡ್ರೈವರ್. ಎತ್ತಿದರೆ ಏನು ಹೇಳುವುದು, ಎತ್ತದಿದ್ದರೆ ಏನಾಗುವುದು ಎಂದು ತಿಳಿಯದೆ ಕೊನೆಗೆ ಇಬ್ಬರೂ ಸೇರಿ ಒಂದು ಉಪಾಯ ಮಾಡಿದ್ದರು: ಫೋನು ವಾಪಸ್ ಹೋಗುವ ತನಕ ಸರಿಯಾಗಿ ಓಡಿಸುವುದು. ಹಾಗಾಗಿ ಆ ಸಂಜೆ ಉಡುಪಿಯಲ್ಲಿ ಒಂದು ಸಿಟಿ ಬಸ್ಸು ಹಾರ್ನ್ ಹಾಕದೆ, ಯಾರನ್ನೂ ಓವರ್‌ಟೇಕ್ ಮಾಡದೆ, ಸ್ಟಾಪಿನಲ್ಲೇ ನಿಲ್ಲಿಸಿ, ಅಜ್ಜಿಯರು ಪೂರ್ತಿ ಇಳಿದ ಮೇಲೆಯೇ ಹೊರಟು ಮಲ್ಪೆ ಮುಟ್ಟಿತು. "ರೈಟ್ ಪೋಯಿ" ಎಂದು ತಗಡು ಬಡಿಯುವುದನ್ನೂ ಬಿಟ್ಟು, "ಹೋಗುವಾ" ಎಂದು ಮೆಲ್ಲಗೆ ಹೇಳಿದನಂತೆ. ಹಿಂದಿನಿಂದ ಬಂದ ಬಸ್ಸಿನವ ದಾಟಿ ಹೋಗುವಾಗ "ಹುಷಾರಿಲ್ವಾ ಮಾರಾಯ?" ಎಂದು ವಿಚಾರಿಸಿಕೊಂಡು ಹೋದನಂತೆ.

ಚುಕ್ಕೆ ಅಷ್ಟು ಸಾವಕಾಶ ಹೋದದ್ದು ಹಾಗೆ. ನನ್ನ ಕರೆಗೆ ಹೆದರಿ ಸಾವಕಾಶ ಹೋದ ಬಸ್ಸು, ಅದು ಸಾವಕಾಶ ಹೋದ ಕಾರಣಕ್ಕೆ ಕರೆ ಮಾಡುತ್ತಲೇ ಇದ್ದ ನಾನು.

ಮನೆಗೆ ಮುಟ್ಟುವಾಗ ಎಂಟಾಗಿತ್ತು. ಮಗಳು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಅವಳು ಆರೂಕಾಲಿಗೇ ಬಂದಿದ್ದಳು. ಕಡಿಯಾಳಿಯಲ್ಲಿ ಇಳಿದು, ಫೋನಿಲ್ಲದ್ದು ತಿಳಿದು, ಓಡಿ ಬಂದು, ಅಜ್ಜಿಯ ಫೋನಿನಿಂದ ನನಗೆ ಹನ್ನೊಂದು ಸಲ ಮಾಡಿದ್ದಳು. ನಾನು ಹನ್ನೊಂದು ಸಲ ಕಟ್ ಮಾಡಿದ್ದೆ. ಗೋಳಿಬಜೆಯನ್ನು ನನ್ನ ಅಮ್ಮನೇ ಕರಿದು ಮುಗಿಸಿದ್ದರು. ತಟ್ಟೆಯಲ್ಲಿ ಎರಡು ಉಳಿದಿತ್ತು.

"ಗಂಟೆ ಎಷ್ಟಾಯ್ತು?" ಎಂದಳು ಮಗಳು. ನನ್ನದೇ ಸ್ವರ, ನನ್ನದೇ ಹುಬ್ಬು.

ಡಿಸಿ ವಿಷಯ ಎತ್ತಿದೆ. ಒಂದು ಚೂರೂ ನಾಚಿಕೆ ಇಲ್ಲ. "ಮತ್ತೆಂತ? ನಿಷೇಧಾಜ್ಞೆ ಹೊರಡಿಸುವುದು ನೀನು, ರಜೆ ಕೊಡುವುದೂ ನೀನು. ನಿನ್ನ ಮನಸ್ಸು ಯಾವಾಗ ಹೇಗೆ ಇರುತ್ತದೆಂದು ರಾತ್ರಿ ಹತ್ತರ ತನಕ ಕಾದು ಕೂರುವುದು ನಾವು." ಬದಲಿಸು ಎಂದೆ. ಬದಲಿಸಿದಳು. ಈಗ ನಾನು "ಎಸ್‌ಪಿ ಉಡುಪಿ".

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅವಳಿಗೆ ಅಜ್ಜಿಯಿಂದ ಒಂದು ಹಳೇ ಸಂಗತಿ ಸಿಕ್ಕಿಬಿಟ್ಟಿತ್ತು. "ನೀನು ಹದಿನೈದಕ್ಕೇ ಬಯಲಾಟ ನೋಡಲಿಕ್ಕೆ ಹೋಗಿ ಬೆಳಗಾದ ಮೇಲೆ ಬರುತ್ತಿದ್ದಿ ಅಂತೆ! ನನಗೆ ಆರೂವರೆ!"

"ಅದು ಯಕ್ಷಗಾನ" ಎಂದೆ. "ಈಗ ರಾತ್ರಿ ಹತ್ತರ ಮೇಲೆ ಮೈಕಿಗೆ ಕಾನೂನು ಅಡ್ಡ ಬಂದು ಆಟಕ್ಕೇ ಕಾಲಮಿತಿ ಆಗಿದೆ. ನಿನಗೆ ಆಗಬಾರದಾ?"

ಮಾತಿಗೆ ಹಾಗೆಂದೆನೇ ಹೊರತು, ಅವಳು ಹೇಳಿದ್ದು ನಿಜ. ಬ್ರಹ್ಮಾವರದ ಆಚೆ ನಮ್ಮ ಊರು. ಮಂದಾರ್ತಿ ಮೇಳದ ಹರಕೆ ಆಟವೆಂದರೆ ಅಕ್ಕಂದಿರು, ಭಾವಂದಿರು, ನೆರೆಮನೆಯವರು ಎಲ್ಲ ಒಟ್ಟಾಗಿ, ಕಂಕುಳಲ್ಲಿ ಚಾಪೆ ಸುತ್ತಿಕೊಂಡು, ಉರಿಯುವ ತೆಂಗಿನ ಗರಿಯ ಸೂಟೆ ಬೀಸುತ್ತಾ, ಕೊಯ್ಲಾದ ಗದ್ದೆಗಳ ಅಂಚು ಹಿಡಿದು ಹೋಗುವುದು. ನೆಲಗಡಲೆ, ಚರುಮುರಿ, ಸ್ತ್ರೀವೇಷದ ಹೊತ್ತಿಗೆ ತೂಕಡಿಕೆ, ರಾಕ್ಷಸ ಬಂದಾಗ ಬೆಚ್ಚಿ ಎಚ್ಚರ. ಮಂಗಳವಾದ ಮೇಲೆ ಇಬ್ಬನಿಯಲ್ಲಿ ನಡೆದುಬರುವಾಗ ಕಾಲಿಗೆ ಹುಲ್ಲಿನ ಬೀಜ ಅಂಟಿಕೊಂಡಿರುತ್ತಿತ್ತು. ಯಾರೂ ಎಷ್ಟು ಗಂಟೆಗೆ ಬಂದೆ ಎಂದು ಕೇಳುತ್ತಿರಲಿಲ್ಲ. ನಮ್ಮ ಅಮ್ಮನಿಗೆ ಹೆದರಿಕೆ ಎನ್ನುವುದೇ ಇರಲಿಲ್ಲ ಎಂದು ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಮಗಳಿಗೂ ಅದನ್ನೇ ಹೇಳಿದೆ: ನಮ್ಮ ಕಾಲದಲ್ಲಿ ಅಮ್ಮಂದಿರು ಆರಾಮವಾಗಿ ಮಲಗುತ್ತಿದ್ದರು, ಈಗಿನದು ಬೇರೆ ಕಾಲ.

ಅಮ್ಮ ಬಾಣಲೆ ಒರೆಸುತ್ತಿದ್ದವರು ತಲೆ ಎತ್ತಲಿಲ್ಲ. "ಮಲಗಿದ್ದೆ ಅಂತ ಯಾರು ಹೇಳಿದ್ದು ನಿನಗೆ? ಅಲ್ಲಿಯ ಚೆಂಡೆ ನಮ್ಮ ಮನೆಗೆ ಕೇಳುತ್ತಿತ್ತಲ್ಲ. ಚೆಂಡೆ ಕೇಳುವಷ್ಟು ಹೊತ್ತು ನೀನು ಅಲ್ಲಿದ್ದಿ ಅಂತ ಲೆಕ್ಕ. ಅದು ನಿಂತ ಮೇಲೆ ಎದ್ದು ಅಂಗಳದ ತುದಿಗೆ ಬಂದು ನಿಲ್ಲುತ್ತಿದ್ದೆ. ನಿಮ್ಮ ಸೂಟೆ ಬೆಳಕು ಕಂಡ ಮೇಲೆ ಒಳಗೆ ಹೋಗಿ ಕಣ್ಣು ಮುಚ್ಚಿಕೊಳ್ಳುವುದು."

ಮಗಳು ಏನೋ ಹೇಳಲು ಹೊರಟವಳು ಹೇಳಲಿಲ್ಲ. ತಟ್ಟೆಯಲ್ಲಿದ್ದ ಎರಡು ಗೋಳಿಬಜೆಯಲ್ಲಿ ಒಂದನ್ನು ನನಗೆ ಬಿಟ್ಟಳು. ಅವಳ ಲೆಕ್ಕದಲ್ಲಿ ಅದು ದೊಡ್ಡ ರಿಯಾಯಿತಿ.

ಅಷ್ಟು ನೀರು ಕುಡಿದ ಸ್ಕೂಟರ್ ಸೋಮವಾರ ಸ್ಟಾರ್ಟ್ ಆಗಲಿಲ್ಲ. ಆಫೀಸಿಗೆ ಬಸ್ಸಿನಲ್ಲಿ ಹೊರಟೆ. ಕಡಿಯಾಳಿಯಲ್ಲಿ ಹಾರ್ನ್ ಬಡಿಯುತ್ತಾ ಬಂದ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಹೊರಟಿತು. ನಾನು ಕಂಬಿಗೆ ಜೋತುಬಿದ್ದು ಒಳಗೆ ಸೇರಿದೆ. ಅದೇ ಕಂಡಕ್ಟರ್. ಡಿಸಿ ಕಚೇರಿಯ ರಜತಾದ್ರಿ ಕಟ್ಟಡ ಇರುವುದು ಮಣಿಪಾಲದಲ್ಲೇ, ನಾನು ಕೆಲಸ ಮಾಡುವುದೂ ಮಣಿಪಾಲದಲ್ಲೇ. ಅವನು ಟಿಕೆಟ್ ಹರಿಯುತ್ತಾ ಹತ್ತಿರ ಬಂದು ನನ್ನ ಮುಖ ನೋಡಿದ.

"ಡಿಸಿ ಆಫೀಸಾ ಅಕ್ಕ?"

ಸ್ಟಾಪು ಕೇಳಿದ್ದೋ, ಹೆಸರು ಕರೆದದ್ದೋ ಗೊತ್ತಾಗಲಿಲ್ಲ. ಸುಮ್ಮನೆ ಚಿಲ್ಲರೆ ಕೊಟ್ಟೆ.