ಅಂಜಲ್ ಮೀನಿಗೊಂದು ಕ್ಲೇಮ್ ಫಾರ್ಮು

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಮೀನು ಹಿಡಿಯುವ ಯಾಂತ್ರಿಕ ಬೋಟುಗಳಿಗೆ ರಜೆ. ರಜೆ ಬೋಟಿಗೆ ಮಾತ್ರ, ನಾಲಿಗೆಗೆ ಇಲ್ಲ. ಹಾಗಾಗಿ ಮೇ ಕೊನೆಗೆ ಉಡುಪಿಯ ಮೀನು ತಿನ್ನುವ ಮನೆಗಳಲ್ಲಿ ಫ್ರೀಜರ್ ತುಂಬಿಸುವ ಗಡಿಬಿಡಿ. ನಮ್ಮಲ್ಲೂ ಅಷ್ಟೇ. ಮಲ್ಪೆಯಿಂದ ತಂದ ಅಂಜಲ್ ತುಂಡು, ಬಂಗುಡೆ, ಸುಲಿದ ಸಿಗಡಿ, ಸಂದಿಯಲ್ಲಿ ಹಲಸಿನ ತೊಳೆ, ಕಾಯಿತುರಿ. ಬಾಗಿಲು ಹಾಕಬೇಕಾದರೆ ಒಬ್ಬರು ಒತ್ತಿ ಹಿಡಿಯಬೇಕು.

ಜೂನ್ ಮಧ್ಯದಲ್ಲಿ ಜೋರು ಗಾಳಿಮಳೆ. ಆಚೆ ಓಣಿಯ ತೆಂಗಿನಮರ ತಂತಿಯ ಮೇಲೆ ಮಲಗಿತು. ಕರೆಂಟ್ ಹೋಯಿತು. ನಮ್ಮ ಇನ್ವರ್ಟರ್ ಫ್ಯಾನು, ಲೈಟು ನೋಡಿಕೊಳ್ಳುತ್ತದೆ, ಫ್ರಿಜ್ ಅದರ ಕೈಲಾಗುವ ಕೆಲಸ ಅಲ್ಲ. ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಸುಮಾರು 48 ಗಂಟೆ ತಡೆಯುತ್ತದೆ, ಯಾರೂ ಮುಟ್ಟಬೇಡಿ ಎಂದೆ. ಅತ್ತೆಗೆ ನಂಬಿಕೆ ಬರಲಿಲ್ಲ. ‘ತಂಪು ಉಂಟಾ ನೋಡುವ’ ಎಂದು ಗಂಟೆಗೊಮ್ಮೆ ಬಾಗಿಲು ತೆಗೆದು, ಬಂಗುಡೆಯ ಬೆನ್ನು ಒತ್ತಿ, ‘ಉಂಟುಂಟು’ ಎಂದು ವರದಿ ಕೊಡುತ್ತಿದ್ದರು. ವರದಿ ನಿಂತಾಗ ನಮಗೆ ವಿಷಯ ತಿಳಿಯಿತು. ಆಮೇಲೆ ಓಣಿಯ ಬೆಕ್ಕುಗಳಿಗೂ ತಿಳಿಯಿತು.

ಇಂಗ್ಲೆಂಡಿನಲ್ಲಿರುವ ತಂಗಿ ಫೋನಿನಲ್ಲಿ ನನ್ನ ಗೋಳು ಕೇಳಿ, ‘ಅಯ್ಯೋ ಅಕ್ಕಾ, ಇನ್ಶೂರೆನ್ಸ್ ಕ್ಲೇಮ್ ಮಾಡು’ ಅಂದಳು. ಅಲ್ಲಿ ಎಷ್ಟೋ ಮನೆ ಪಾಲಿಸಿಗಳಲ್ಲಿ ಫ್ರೀಜರಿನ ಊಟಕ್ಕೂ ದುಡ್ಡು ಉಂಟಂತೆ. ಮೊದಲಿನ ಇಷ್ಟು ಪೌಂಡು ನಾವೇ ಹಾಕಿಕೊಳ್ಳಬೇಕು, ಸಲ ಸಲ ಅದು ಮೀನಿನ ರೇಟಿಗಿಂತ ಜಾಸ್ತಿ ಎಂಬುದನ್ನು ಅವಳು ಹೇಳಿದ್ದು ಆಮೇಲೆ. ಅಷ್ಟರಲ್ಲಿ ನನಗೆ ಹುರುಪು ಬಂದಾಗಿತ್ತು.

ಮನೆ ಸಾಲದ ಜೊತೆ ಬ್ಯಾಂಕಿನವರು ಗಂಟು ಹಾಕಿದ ಪಾಲಿಸಿ ಕಪಾಟಿನಲ್ಲಿತ್ತು. ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ಅಚ್ಚಿನಲ್ಲಿ ಕೊಡಬೇಕಾದ ಪಾಲಿಸಿ ಇದು. ಮನೆಯೊಳಗಿನ ಸಾಮಾನಿಗೆ ಕಟ್ಟಡದ ವಿಮೆ ಮೊತ್ತದ ಶೇ 20, ಹೆಚ್ಚೆಂದರೆ 10 ಲಕ್ಷ ರೂಪಾಯಿ. ಹತ್ತು ಲಕ್ಷಕ್ಕೆ ಎಷ್ಟು ಅಂಜಲ್ ಬರಬಹುದು ಎಂದು ನಮ್ಮವರು ಲೆಕ್ಕ ಹಾಕಲು ಕೂತರು.

ಹಾಳಾದ ಸಾಮಾನನ್ನು ಪರಿಶೀಲನೆ ಆಗುವವರೆಗೆ ಎಸೆಯಬಾರದಂತೆ. ಸೋಫಾ ಆದರೆ ಸರಿ ಮಾರಾಯ್ರೆ, ಸಿಗಡಿಯನ್ನು ಹೇಗೆ ಕಾಪಾಡುವುದು? ಫೋಟೋ ತೆಗೆದೆ. ಫೋಟೋದಲ್ಲಿ ಕೊಳೆತ ಅಂಜಲ್ ಫಳಫಳ ಹೊಳೆಯುತ್ತಿತ್ತು. ಮಗಳ ವಾಟ್ಸಾಪಿಗೆ ಕಳಿಸಿದರೆ, ‘ವಾವ್, ಇವತ್ತು ಫ್ರೈಯಾ?’ ಎಂದು ಉತ್ತರ. ಮೂಗು ಮುಚ್ಚಿಕೊಂಡ ಅತ್ತೆಯನ್ನು ಪಕ್ಕದಲ್ಲಿ ನಿಲ್ಲಿಸಿ ಇನ್ನೊಂದು ತೆಗೆದೆ. ಸಾಕ್ಷಿ ಬೇಕಲ್ವಾ?

ಬಿಲ್ಲಿನದು ಬೇರೆಯೇ ಕತೆ. ಮೀನು ಕೊಡುವ ಅಕ್ಕನ ಹತ್ತಿರ ಹೋಗಿ ಮೇ ತಿಂಗಳ ಬಿಲ್ ಕೇಳಿದೆ. ಅವರು ಬುಟ್ಟಿಯ ಒಣಮೀನು ಸರಿಮಾಡುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಚೌಕಾಸಿ ಮಾಡಿ ನೂರು ರೂಪಾಯಿ ಕಮ್ಮಿ ಕೊಟ್ರಲ್ಲ, ಅದನ್ನೂ ಬಿಲ್ಲಲ್ಲಿ ಬರೀಬೇಕಾ?’ ನಾನು ಸುಮ್ನೆ ಒಣಮೀನು ಕಟ್ಟಿಸಿಕೊಂಡು ಬಂದೆ. ಅದಕ್ಕೆ ಫ್ರೀಜರೂ ಬೇಡ, ಕರೆಂಟೂ ಬೇಡ.

ಕೊನೆಗೆ ಏಜೆಂಟರಿಗೆ ಫೋನ್ ಮಾಡಿದೆ. ತಾಳ್ಮೆಯ ಮನುಷ್ಯ. ನನ್ನ ಮೀನಿನ ಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡರು.

‘ಮೇಡಂ, ಕರೆಂಟ್ ಹೋಗಿ ಹಾಳಾದ ಸ್ಟಾಕಿಗೆ ಬೇರೆ ಪಾಲಿಸಿ ಉಂಟು. ಅದು ಕೋಲ್ಡ್ ಸ್ಟೋರೇಜಿನವರಿಗೆ.’

‘ನಮ್ಮದೂ ಹೆಚ್ಚುಕಮ್ಮಿ ಅದೇ.’

‘ಮರ ಬಿದ್ದದ್ದು ಎಲ್ಲಿ?’

‘ಆಚೆ ಓಣಿಯಲ್ಲಿ, ತಂತಿ ಮೇಲೆ.’

‘ನಿಮ್ಮ ಫ್ರಿಜ್ ಮೇಲೆ ಅಲ್ಲ ಅಲ್ವಾ?’ ಪಾಪ, ಅವರ ದನಿಯಲ್ಲೂ ನಿಜವಾದ ಬೇಸರ ಇತ್ತು.

ಮರ ಮನೆಯ ಮೇಲೆ ಬಿದ್ದು ಫ್ರಿಜ್ ಚಪ್ಪಟೆಯಾಗಿದ್ದರೆ ಕ್ಲೇಮ್ ಮಾಡಬಹುದಿತ್ತು. ಎಲ್ಲೋ ಬಿದ್ದು, ಅದರಿಂದ ಕರೆಂಟ್ ಹೋಗಿ, ಅದರಿಂದ ಮೀನು ಕೊಳೆತರೆ ಅದು ಪರೋಕ್ಷ ನಷ್ಟ. ನನ್ನ ಮೂಗಿಗೇನೂ ಅದು ಪರೋಕ್ಷ ಅನಿಸಲಿಲ್ಲ. ಪಾಲಿಸಿಯ ಪಟ್ಟಿಯನ್ನು ಮತ್ತೆ ಓದಿದೆ. ಬೆಂಕಿ, ಸಿಡಿಲು, ಭೂಕಂಪ, ನೆರೆ, ಗುಡ್ಡ ಕುಸಿತ, ನೀರಿನ ಟ್ಯಾಂಕ್ ಒಡೆಯುವುದು, ಎಲ್ಲ ಉಂಟು. ಕ್ಷಿಪಣಿ ಪರೀಕ್ಷೆ ಕೂಡ ಉಂಟು! ಉಡುಪಿಯಲ್ಲಿ ಕೂತು ಈ ಪಟ್ಟಿ ಬರೆದಿದ್ದರೆ ಕ್ಷಿಪಣಿಗಿಂತ ಮೊದಲು ಜೂನ್ ತಿಂಗಳ ಕರೆಂಟಿನ ಹೆಸರು ಬರುತ್ತಿತ್ತು.

ಮೀನನ್ನೆಲ್ಲ ನಮ್ಮ ಅಂಗಳದ ತೆಂಗಿನಮರದ ಬುಡಕ್ಕೆ ಹೂತೆವು. ಗುದ್ದಲಿ ಹಿಡಿದ ನಮ್ಮವರು ತಲೆಯೆತ್ತಿ ಮರ ಯಾವ ಕಡೆ ವಾಲಿದೆ ಎಂದು ತುಂಬ ಹೊತ್ತು ನೋಡಿದರು. ವಾಲಿರುವುದು ಪಕ್ಕದ ಮನೆಯ ಅಡುಗೆಕೋಣೆ ಕಡೆಗೆ. ಅವರು ಅಪ್ಪಟ ಸಸ್ಯಾಹಾರಿಗಳು, ಫ್ರೀಜರಿನಲ್ಲಿ ಇರುವುದು ಐಸು ಮತ್ತು ಅರ್ಧ ಪ್ಯಾಕೆಟ್ ಬಟಾಣಿ.